ಎರಡು ತಂಬಿಗೆ ನೀರು

ನಮ್ಮ ನವಲಗುಂದದ ಸೀಮೆಯಲ್ಲಿ ನೀರನ್ನು ಕುರಿತು ಹಗುರಾಗಿ ಮಾತಾಡುವ ರೂಢಿಯಿಲ್ಲ. ಇಲ್ಲಿಯ ಎರೆಭೂಮಿಯಲ್ಲಿ ಬಾವಿ ತೋಡಿದರೆ ಹೆಚ್ಚಾಗಿ ಸಿಕ್ಕುವದು ಸವಳು ನೀರು. ಅದರಲ್ಲಿ ಬೇಳೆ ಬೇಯುವದಿಲ್ಲ, ಸಾಬೂನು ನೊರೆಯೇಳುವದಿಲ್ಲ, ಕುಡಿದವನ ನೀರಡಿಕೆಯೂ ಹಿಂಗುವದಿಲ್ಲ. ಆದುದರಿಂದ ಕುಡಿಯಲಿಕ್ಕೆ ಕೆರೆಯ ನೀರೇ ಗತಿ. ನವಲಗುಂದದವರಿಗೆ ನೀಲಮ್ಮನ ಕೆರೆಯಿದ್ದಂತೆ ಸುತ್ತಲಿನ ಹಳ್ಳಿಗಳಿಗೂ ತಮ್ಮ ತಮ್ಮ ಕೆರೆಗಳುಂಟು. ಸವದತ್ತಿಯ ಹತ್ತಿರ ನವಿಲುತೀರ್ಥದಲ್ಲಿ ಆಣೆಕಟ್ಟು 1972ರಲ್ಲಿ ಮುಗಿದು, ಮುಂದೆ ಮಲಪ್ರಭೆಯ ಕಾಲುವೆ ಈ ಕಡೆಗೆ ಹರಿದ ಮೇಲೆ, ಕೆರೆಗಳನ್ನು ಕಾಲುವೆಯ ನೀರಿನಿಂದ ತುಂಬಿಸಿಕೊಳ್ಳುವ ಪದ್ಧತಿ ಬಿದ್ದಿದೆ. 1980ರಲ್ಲಿ ನರಗುಂದ-ನವಲಗುಂದಗಳ ರೈತರು ನೀರಿನ ಕರದ ಸಲುವಾಗಿ ಬೀದಿಗಿಳಿದುದನ್ನೂ, 2015ರಿಂದ ಮುಂದೆ ಕಳಸಾ-ಬಂಡೂರಿಯ ಸಲುವಾಗಿ ಇದೇ ಊರುಗಳಲ್ಲಿ ದೀರ್ಘಕಾಲ ಧರಣಿ ನಡೆದುದನ್ನೂ ವಾಚಕರು ಬಲ್ಲರು. ಹಳ್ಳಕ್ಕೆ ಬೆಣ್ಣೀಹಳ್ಳವೆಂದು ಹೆಸರಿಟ್ಟ ಜನ ನಾವು. ನೀರನ್ನು ಎಂಥ ಪದಾರ್ಥವೆಂದು ಎಣಿಸುವೆವೆಂಬದು ಆ ಹೆಸರಿನಿಂದಲೇ ತಿಳಿದೀತು.

ಇಂಥ ಸೀಮೆಯ ಒಂದು ಹಳ್ಳಿಯಲ್ಲಿ, ಅದೂ 2023ರ ಮಳೆ ಕೈಕೊಟ್ಟು ರಾಜ್ಯದ ಬಹುಪಾಲು ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟ ಮರುವರ್ಷದ ಬೇಸಿಗೆಯಲ್ಲಿ, ನಮ್ಮ ಮನೆಯವರು ಕಂಪ್ಯೂಟರಿಗೆ ನೀರು ಹಾಕುತ್ತಾರಂತೆ ಎಂಬ ಸುದ್ದಿ ಹುಟ್ಟಿದರೆ ಜನ ಸುಮ್ಮನಿರುವರೆ? ನೆರೆಮನೆಯ ಹಿರಿಯರೊಬ್ಬರು ಕಟ್ಟೆಯ ಮೇಲೆಯೇ ನನ್ನನ್ನು ತಡೆದು, “ಮಾಸ್ತರ, ಊರಾಗ ದನಕ್ಕ ನೀರಿಲ್ಲ; ನೀವು ಮಿಷನ್ನಿಗೆ ನೀರ ಕುಡಸಾಕ ಹತ್ತೀರಂತಲ್ಲ?” ಎಂದು ಕೇಳಿದರು. ಅವರ ಧ್ವನಿಯಲ್ಲಿ ಚೇಷ್ಟೆಯಿರಲಿಲ್ಲ. ಪ್ರಶ್ನೆಯಂತೂ ನ್ಯಾಯವಾದದ್ದೇ. ಆ ಪ್ರಶ್ನೆಗೆ ಕಟ್ಟೆಯ ಮೇಲೆ ನಿಂತು ಎರಡು ಮಾತಿನಲ್ಲಿ ಉತ್ತರ ಕೊಡುವದು ಸಾಧ್ಯವಿರಲಿಲ್ಲ. ಇಂಥ ಯಂತ್ರಗಳು ಈಗ ಹಳ್ಳಿಯ ಮನೆಗಳನ್ನೂ ಹೊಕ್ಕಿರುವದರಿಂದ, ಉಳಿದ ಸಂಸಾರಿಗರಿಗೂ ಉಪಯೋಗವಾದೀತೆಂದು ನಡೆದುದನ್ನು ಇಲ್ಲಿ ವಿಸ್ತಾರವಾಗಿ ಬರೆಯುತ್ತೇನೆ.

ನನ್ನ ಮಗಳು ಬೆಂಗಳೂರಿನ ಒಂದು ಕಚೇರಿಯಲ್ಲಿ ಕಟ್ಟಡಗಳ ಚಿತ್ರಗಳನ್ನು ತಯಾರಿಸುವ ಕೆಲಸದಲ್ಲಿದ್ದಳು. ಇನ್ನೂ ಬುನಾದಿ ಕೂಡ ತೆಗೆಯದಿರುವ ಮನೆಯನ್ನು ಕಟ್ಟಿ ಮುಗಿಸಿದಂತೆ ತೋರಿಸುವ, ಅದರ ಕೋಣೆಕೋಣೆಗಳಲ್ಲಿ ನಾವೇ ತಿರುಗಾಡಿದಂತೆ ಭಾಸವಾಗಿಸುವ ಚಲಚ್ಚಿತ್ರಗಳನ್ನು ಮಾಡುವ ವಿದ್ಯೆಯದು. 2020ರ ಲಾಕ್‌ಡೌನಿನಲ್ಲಿ ಊರಿಗೆ ಬಂದವಳು ತಾಯಿಯ ಮೊಣಕಾಲಿನ ಬೇನೆಯನ್ನು ಕಂಡು, ಇಲ್ಲಿಯೇ ಇದ್ದು ಕೆಲಸ ಮಾಡುವೆನೆಂದು ಕಚೇರಿಯವರನ್ನು ಕೇಳಿಕೊಂಡಳು. ಹೇಳಿದ ದಿನಕ್ಕೆ ಕೆಲಸ ಮುಟ್ಟಬೇಕೆಂಬ ಕರಾರಿನ ಮೇಲೆ ಅವರು ಒಪ್ಪಿದರು. ತನ್ನ ಉಳಿತಾಯದ ಹಣದಿಂದ ಒಂದು ಬಲವಾದ ಕಂಪ್ಯೂಟರನ್ನು ಜೋಡಿಸಿಕೊಂಡಳು. ಇಂಥ ಚಿತ್ರದ ಒಂದು ಸೆಕೆಂಡಿಗೆ 25 ಪಟಗಳು ಬೇಕು. ಒಂದು ಮಿನಿಟಿಗೆ 1,500. ಒಂದೊಂದು ಪಟವನ್ನು ಬಿಡಿಸಲಿಕ್ಕೆ ಯಂತ್ರವು ಎರಡೆರಡು ಮಿನಿಟು ತೆಗೆದುಕೊಂಡರೂ ಒಂದು ಮಿನಿಟಿನ ಚಿತ್ರಕ್ಕೆ 50 ತಾಸು. ಅಂದರೆ ಎರಡು ಹಗಲು ಎರಡು ರಾತ್ರಿ ಅದು ಉಸಿರು ಬಿಡದೆ ದುಡಿಯಬೇಕು.

ಹೀಗೆ ದುಡಿಯುವಾಗ ಅದರೊಳಗಿನ ಎರಡು ಅವಯವಗಳು ವಿಶೇಷವಾಗಿ ಕಾಯುತ್ತವೆ. ಒಂದು, ಲೆಕ್ಕದ ಯಜಮಾನನಾದ ಪ್ರೊಸೆಸರು. ಇನ್ನೊಂದು, ಚಿತ್ರದ ಕೆಲಸವನ್ನು ಹೊತ್ತ ಗ್ರಾಫಿಕ್ಸ್ ಕಾರ್ಡು. ನಮ್ಮ ಯಂತ್ರದಲ್ಲಿ ಮೊದಲಿನದು ಸುಮಾರು 150 ವ್ಯಾಟ್, ಎರಡನೆಯದು ಸುಮಾರು 300 ವ್ಯಾಟ್ ವಿದ್ಯುತ್ತನ್ನು ಉಣ್ಣುತ್ತವೆ. ಉಂಡದ್ದೆಲ್ಲ ಕೊನೆಗೆ ಶಾಖವಾಗಿಯೇ ಹೊರಬೀಳಬೇಕು; ಇದು ಪ್ರಕೃತಿಯ ನಿಯಮ, ಇದಕ್ಕೆ ಅಪವಾದವಿಲ್ಲ. ಹಳೆಯ ಕಾಲದ 100 ವ್ಯಾಟಿನ ನಾಲ್ಕೂವರೆ ಬಲ್ಬುಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ಮುಚ್ಚಿದಂತೆ ಎಂದು ತಿಳಿದರೆ ಸಾಕು. ಸಾಲದ್ದಕ್ಕೆ, ಆ ಶಾಖವೆಲ್ಲ ಹುಟ್ಟುವದು ಹೆಬ್ಬೆರಳಿನ ಉಗುರಿನಷ್ಟು, ಅಂಚೆಯ ಚೀಟಿಯಷ್ಟು ಅಗಲದ ಎರಡು ಚೂರುಗಳಲ್ಲಿ.

ಚಳಿಗಾಲದಲ್ಲಿ ಯಾವ ತೊಂದರೆಯೂ ತಲೆದೋರಲಿಲ್ಲ. 2023ರ ಏಪ್ರಿಲಿನಲ್ಲಿ ಮಾತ್ರ ಅವಳ ಚಿಕ್ಕ ಕೋಣೆ ಮಧ್ಯಾಹ್ನಕ್ಕೆ 39 ಡಿಗ್ರಿ ಮುಟ್ಟತೊಡಗಿತು. ಹೊಲದ ಎರೆಮಣ್ಣಿನ ನುಣುಪು ಧೂಳಿ ಪೆಟ್ಟಿಗೆಯ ಫ್ಯಾನುಗಳಲ್ಲಿಯೂ ಅವುಗಳ ಕೆಳಗಿನ ಲೋಹದ ಹಲ್ಲುಗಳಲ್ಲಿಯೂ ಹೊಕ್ಕು ಮೆತ್ತಿಕೊಂಡಿತು. ಫ್ಯಾನುಗಳು ಹಿಟ್ಟಿನ ಗಿರಣಿಯಂತೆ ಸದ್ದು ಮಾಡಿದವು. ಕಾರ್ಡು 88 ಡಿಗ್ರಿಗೆ ಏರಿತು. ಇಂಥ ಚೂರುಗಳು ಅಷ್ಟು ಕಾದೊಡನೆ ಸುಟ್ಟುಹೋಗುವದಿಲ್ಲ. ತಮ್ಮನ್ನು ತಾವೇ ಕಾಯ್ದುಕೊಳ್ಳಲಿಕ್ಕೆ ವೇಗವನ್ನು ತಗ್ಗಿಸಿಕೊಳ್ಳುತ್ತವೆ. ಬಿಸಿಲಿನಲ್ಲಿ ಎತ್ತು ಹೆಜ್ಜೆ ಸಣ್ಣದು ಮಾಡಿದಂತೆ. ಎರಡು ಮಿನಿಟಿನ ಪಟ ಮೂರು ಮಿನಿಟಾಯಿತು, 50 ತಾಸಿನ ಕೆಲಸ 75 ತಾಸಾಯಿತು. ಒಂದು ಕೆಲಸ ಒಂದು ದಿನ ತಡವಾಯಿತು. ಮುಂದಿನ ತಿಂಗಳು ಮತ್ತೊಂದು. ಕಚೇರಿಯಿಂದ ಕಾಗದ ಬಂದಿತು: ಮುಂದಿನ ಬೇಸಿಗೆಯಲ್ಲಿಯೂ ಹೀಗೆಯೇ ಆದರೆ ಬೆಂಗಳೂರಿಗೆ ಮರಳಿ ಬರಬೇಕು, ಇಲ್ಲವೆ ಕೆಲಸ ಬಿಡಬೇಕು. ಅಂದು ರಾತ್ರಿ ನನ್ನ ಹೆಂಡತಿ ಊಟ ಮಾಡಲಿಲ್ಲ, ಕೇಳಿದರೆ ಹಸಿವಿಲ್ಲವೆಂದಳು.

ಕೋಣೆಗೆ ಏರ್ ಕಂಡೀಶನರನ್ನು ಹಾಕಿಸುವ ವಿಚಾರವನ್ನು ಮೊದಲು ಮಾಡಿದೆವು. ನಮ್ಮದು ಮಾಳಿಗೆಯ ಮನೆ. ಗೋಡೆ ಎರಡು ಮೊಳ ದಪ್ಪದ ಮಣ್ಣಿನವು, ಮೇಲೆ ಬೆಳಕಿಂಡಿ. 450 ವ್ಯಾಟಿನ ಶಾಖವನ್ನು ಓಡಿಸಲಿಕ್ಕೆ 1,500 ವ್ಯಾಟಿನ ಯಂತ್ರವನ್ನು ಹಗಲಿರುಳು ನಡೆಸುವದು ಇಲಿಯನ್ನು ಹಿಡಿಯಲಿಕ್ಕೆ ಮನೆಯನ್ನು ಕೆಡವಿದಂತೆ ಎಂದು ನನಗೆ ತೋರಿತು. ವಿದ್ಯುತ್ತು ಹೋದಾಗ ನಮ್ಮ ಇನ್ವರ್ಟರು ಅದನ್ನು ಹೊರಲಾರದು. ಆಗ ಮಗಳು ನೀರಿನ ವಿಷಯವನ್ನು ತೆಗೆದಳು.

ನೀರು ತಂಪು, ಆದುದರಿಂದ ಅದು ತಂಪು ಮಾಡುತ್ತದೆ ಎಂಬದು ಎಲ್ಲರ ತಿಳುವಳಿಕೆ. ನಿಜ ಸಂಗತಿ ಬೇರೆ. ಮಗಳು ಅದನ್ನು ನನಗೆ ಹೇಳಿದ ರೀತಿಯನ್ನು ಇಲ್ಲಿ ಇದ್ದಕ್ಕಿದ್ದಂತೆ ಬರೆಯುತ್ತೇನೆ: “ನೀರು ಶಾಖಾನ ಕೊಲ್ಲೂದಿಲ್ಲಪ್ಪಾ, ಹೊತ್ಕೊಂಡು ಹೋಗತೈತಿ ಅಷ್ಟ. ಎಲ್ಲೆರೆ ಒಂದ ಕಡೆ ಇಳಸಾಕ ಬೇಕಲ್ಲ.” ಮೂವತ್ತು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದವನಿಗೆ ಈ ಮಾತು ಬಹಳ ಮೆಚ್ಚಿಕೆಯಾಯಿತು. ಹೊರುವ ಕೆಲಸದಲ್ಲಿ ನೀರಿಗೆ ಸಮಾನರು ಕಡಿಮೆ. ಒಂದು ಲೀಟರು ನೀರನ್ನು ಒಂದು ಡಿಗ್ರಿ ಕಾಯಿಸಲಿಕ್ಕೆ ಎಷ್ಟು ಶಾಖ ಬೇಕೋ ಅಷ್ಟರಿಂದ ಸುಮಾರು 3,500 ಲೀಟರು ಗಾಳಿಯನ್ನು ಒಂದು ಡಿಗ್ರಿ ಕಾಯಿಸಬಹುದು. ಗಾಳಿ ಸಣ್ಣ ಬುಟ್ಟಿಯ ಕೂಲಿಯಾದರೆ ನೀರು ಚಕ್ಕಡಿ.

ಇಲ್ಲಿ ಒಂದು ಭ್ರಮೆಯನ್ನು ತೆಗೆಯಬೇಕು. ನಮ್ಮ ಅಡಿಗೆಮನೆಯ ಹರವಿಯ ನೀರು ಹೊರಗಿನ ಗಾಳಿಗಿಂತ ತಂಪಾಗಿರುತ್ತದೆ. ಕಾರಣ, ಮಣ್ಣಿನ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಶಾಖವನ್ನು ತನ್ನೊಡನೆ ಒಯ್ಯುತ್ತದೆ. ಅದಕ್ಕೆ ಪ್ರತಿಯಾಗಿ ದಿನಾಲು ತುಸು ನೀರು ಖರ್ಚಾಗುತ್ತದೆ. ಕಂಪ್ಯೂಟರಿನ ನೀರು ಮುಚ್ಚಿದ ನಳಿಕೆಗಳಲ್ಲಿ ಸುತ್ತುವದು, ಅದು ಆವಿಯಾಗಬಾರದು. ಆದುದರಿಂದ ಅದು ಸುತ್ತಲಿನ ಗಾಳಿಗಿಂತ ಎಂದೂ ತಂಪಾಗಲಾರದು. ಗಾಳಿ 38 ಡಿಗ್ರಿಯಿದ್ದರೆ ನೀರು ಅದಕ್ಕಿಂತ ಎಂಟು ಹತ್ತು ಡಿಗ್ರಿ ಮೇಲೆಯೇ ಇರುವದು. ಮೋಟಾರು ಗಾಡಿಯ ರೇಡಿಯೇಟರಿನ ತತ್ವವೇ ಇದು: ಎಂಜಿನ್ನಿನಿಂದ ಹೊತ್ತುಕೊಂಡು ಬಂದ ಶಾಖವನ್ನು ನೀರು ತೆಳ್ಳಗಿನ ಲೋಹದ ರೆಕ್ಕೆಗಳ ಮೂಲಕ ಗಾಳಿಗೆ ಕೊಟ್ಟು, ಬರಿಗೈಯಿಂದ ಮರಳಿ ಹೋಗುವದು.

ಸಾಮಗ್ರಿ ಬಹಳಿಲ್ಲ. ಕಾಯುವ ಚೂರಿನ ಮೇಲೆ ಒತ್ತಿ ಕೂಡ್ರಿಸುವ ತಾಮ್ರದ ಟೊಳ್ಳು ಬಿಲ್ಲೆ, ಅದಕ್ಕೆ ವಾಟರ್ ಬ್ಲಾಕ್ ಎನ್ನುವರು. ನೀರು ತುಂಬಿರುವ ಚಿಕ್ಕ ತೊಟ್ಟಿ. ಅದರ ಅಡಿಗೆ ಪಂಪು. ಫ್ಯಾನು ಕಟ್ಟಿದ ರೇಡಿಯೇಟರು. ಇವನ್ನೆಲ್ಲ ಕೂಡಿಸುವ ಮೆತ್ತನ್ನ ನಳಿಕೆ, ಪಾವಿಂಚಿನ ಸುತ್ತುಗಳ ಫಿಟಿಂಗುಗಳು. ಪ್ರೊಸೆಸರೊಂದಕ್ಕೇ ಆದರೆ ಕಾರಖಾನೆಯಲ್ಲಿಯೇ ನೀರು ತುಂಬಿ ಮುದ್ರೆ ಹಾಕಿದ ಸಿದ್ಧ ಜೋಡಣೆಗಳು ಸಿಕ್ಕುತ್ತವೆ. ನಮ್ಮಲ್ಲಿ ಹೆಚ್ಚು ಕಾಯುವದು ಕಾರ್ಡು; ಎರಡಕ್ಕೂ ಒಂದೇ ನೀರಿನ ಸುತ್ತು ಬೇಕಾದರೆ ಬಿಡಿಬಿಡಿಯಾಗಿ ತರಿಸಿ ಕೈಯಿಂದಲೇ ಜೋಡಿಸಬೇಕು. ಕಾರ್ಡಿನ ಬ್ಲಾಕನ್ನು ಆಯಾ ಕಾರ್ಡಿನ ಮೈಕಟ್ಟಿಗೆ ಸರಿಯಾಗಿ ನೋಡಿ ಕೊಳ್ಳಬೇಕು. ಅದು ನಡುವಿನ ಚೂರಿನ ಮೇಲಷ್ಟೇ ಅಲ್ಲ, ಸುತ್ತಲಿನ ಮೆಮರಿಯ ತುಣುಕುಗಳ ಮೇಲೂ ವಿದ್ಯುತ್ತನ್ನು ಹದಗೊಳಿಸುವ ಭಾಗಗಳ ಮೇಲೂ ಮೆತ್ತೆಗಳ ಮೂಲಕ ಒತ್ತಿ ಕೂಡಬೇಕು. ಅವು ಕೂಡ ಕಾಯುವಂಥವೇ.

ನೀರು ಮೊದಲು ಪ್ರೊಸೆಸರಿಗೆ ಹೋಗಬೇಕೋ ಕಾರ್ಡಿಗೆ ಹೋಗಬೇಕೋ ಎಂಬ ಪ್ರಶ್ನೆ ನನಗೆ ಬಹು ದೊಡ್ಡದಾಗಿ ಕಂಡಿತು. ಒಂದರಿಂದ ಕಾದು ಬಂದ ನೀರನ್ನು ಇನ್ನೊಂದಕ್ಕೆ ಕೊಟ್ಟರೆ ಎಂಜಲನ್ನು ಬಡಿಸಿದಂತಾಗದೆ? ಮಗಳು ನಕ್ಕು, “ಲೆಕ್ಕಾ ಮಾಡಿ ನೋಡಪ್ಪಾ” ಎಂದಳು. ಕ್ಯಾಲೆಂಡರಿನ ಹಿಂದಿನ ಬದಿಗೆ ಲೆಕ್ಕ ಹಾಕಿದೆನು. ಪಂಪು ಮಿನಿಟಿಗೆ ಮೂರು ಲೀಟರು ನೀರನ್ನು ಸುತ್ತಿಸಿದರೆ, ಪ್ರೊಸೆಸರಿನ 150 ವ್ಯಾಟು ಆ ನೀರನ್ನು ಕಾಯಿಸುವದು ಒಂದು ಡಿಗ್ರಿಯ ಮುಕ್ಕಾಲು ಪಾಲಿಗಿಂತಲೂ ಕಡಿಮೆ. ಎರಡೂ ಕೂಡಿ ಎರಡು ಡಿಗ್ರಿಯ ಸುಮಾರು. ನೀರು ನಿಲ್ಲದೆ ವೇಗವಾಗಿ ಸುತ್ತುವದರಿಂದ ಇಡಿಯ ಸುತ್ತಿನಲ್ಲಿ ಅದರ ಉಷ್ಣತೆ ಹೆಚ್ಚುಕಡಿಮೆ ಒಂದೇ. ಆದುದರಿಂದ ಕ್ರಮದ ಚಿಂತೆ ಬೇಡ. ನಳಿಕೆ ಎಲ್ಲಿ ಗಿಡ್ಡಾಗುವದೋ, ಎಲ್ಲಿ ಮಡಿಕೆ ಬೀಳದೋ ಅದೇ ಸರಿಯಾದ ಕ್ರಮ. ಒಂದು ನಿಯಮ ಮಾತ್ರ ಮೀರಕೂಡದು. ತೊಟ್ಟಿ ಪಂಪಿಗಿಂತ ಮೇಲಿದ್ದು ನೀರು ತಾನಾಗಿ ಅದರೊಳಗೆ ಇಳಿಯುತ್ತಿರಬೇಕು; ಪಂಪು ಒಣಗಿ ತಿರುಗಿದರೆ ಕೆಡುತ್ತದೆ.

ಹಾಗಾದರೆ ಚಿಂತೆ ಎಲ್ಲಿಯದು? ಹೊರೆಯನ್ನು ಇಳಿಸುವ ಜಾಗದ್ದು. ರೇಡಿಯೇಟರನ್ನು ಪೆಟ್ಟಿಗೆಯಲ್ಲಿಯೇ ಕೂಡ್ರಿಸಿದರೆ 450 ವ್ಯಾಟಿನ ಶಾಖ ಪೆಟ್ಟಿಗೆಯಿಂದ ಹೊರಟು ಅದೇ ಚಿಕ್ಕ ಕೋಣೆಯಲ್ಲಿ ತುಂಬುವದು. ಕೋಣೆ ಕಾದರೆ ರೇಡಿಯೇಟರಿಗೆ ಸಿಕ್ಕುವ ಗಾಳಿ ಕಾಯಿತು, ಗಾಳಿ ಕಾದರೆ ನೀರು ಕಾಯಿತು; ಮಗಳಂತೂ ಅಲ್ಲಿಯೇ ಕೂಡಬೇಕು. ಅನೇಕರು ಸಾವಿರಾರು ರೂಪಾಯಿ ಸುರಿದು ನೀರಿನ ಏರ್ಪಾಡು ಮಾಡಿಕೊಂಡೂ ಬೇಸಿಗೆಯಲ್ಲಿ ಸುಖ ಕಾಣದಿರುವದಕ್ಕೆ ಇದೇ ಕಾರಣವೆಂದು ನನ್ನ ಅಭಿಪ್ರಾಯ. ನೀರಿಗೆ ದೂರ ಹೋಗುವ ಶಕ್ತಿಯಿದೆ, ಅದನ್ನು ಉಪಯೋಗಿಸಿಕೊಳ್ಳಬೇಕು. ಮಗಳ ಕೋಣೆಯ ಹಿಂದಿನ ಗೋಡೆಯಾಚೆಗೆ ಹಿತ್ತಲ ಕಡೆಯ ಪಡಸಾಲೆಯಿದೆ. ಬಡಗು ಮುಖದ್ದು, ಬಿಸಿಲು ತಾಕದ್ದು. ಬೇವಿನ ಗಿಡದ ಕಡೆಯಿಂದ ಗಾಳಿ ಬರುವಂಥದು. ರೇಡಿಯೇಟರುಗಳನ್ನು ಅಲ್ಲಿಡುವದೆಂದು ನಿಶ್ಚಯಿಸಿದೆವು.

ನನ್ನ ಅಜ್ಜ ಕಟ್ಟಿಸಿದ ಗೋಡೆಗೆ ತೂತು ಕೊರೆಯುವದು ನನ್ನ ಹೆಂಡತಿಗೆ ಸೇರಲಿಲ್ಲ. “ಗ್ವಾಡಿಗೆ ತೂತ ಬಿದ್ದ ಮನಿ ಛಲೋ ಅಲ್ಲರಿ” ಎಂದಳು. ಮಗಳು ಏನೂ ಅನ್ನಲಿಲ್ಲ. ಎರಡು ದಿನದ ಮೇಲೆ ಹೆಂಡತಿಯೇ ಗೌಂಡಿಗೆ ಹೇಳಿಕಳಿಸಿದಳು. ಅಮಾವಾಸ್ಯೆ ಕಳೆದ ಮೇಲೆ ಬರಬೇಕೆಂಬುದೊಂದೇ ಅವಳ ಷರತ್ತು. ಅವನು ಬಂದು ಎರಡಿಂಚಿನ ಕಬ್ಬಿಣದ ಪೈಪನ್ನು ಗೋಡೆಯಲ್ಲಿ ಹೊರಗಡೆಗೆ ತುಸು ಇಳಿಜಾರಾಗಿ ಕೂಡ್ರಿಸಿದನು. ಎಲ್ಲಿಯಾದರೂ ಸೋರಿದರೆ ನೀರು ಹಿತ್ತಲಿಗೆ ಹೋಗಲಿ, ಒಳಗೆ ಬರದಿರಲಿ ಎಂದು. ಅದರೊಳಗಿಂದ ಹೋಗುವ ಒಂದು, ಬರುವ ಒಂದು ನಳಿಕೆ, ಜೊತೆಗೆ ಫ್ಯಾನಿನ ತಂತಿ. ಪೈಪಿನ ಬಾಯಿಗಳನ್ನು ತಂತಿಯ ಜಾಳಿಗೆಯಿಂದ ಬಿಗಿದೆವು. ಪಟ್ಟಣದ ಮನೆಗಳಲ್ಲಿ ಈ ಜೋಡಣೆ ಮಾಡಿಕೊಂಡವರು ಇಲಿಯ ಸುದ್ದಿಯನ್ನು ಎತ್ತುವದಿಲ್ಲ. ಕಡಲೆ-ಜೋಳ ತುಂಬಿಟ್ಟ ಹಳ್ಳಿಯ ಮನೆಯಲ್ಲಿ ಮೆತ್ತನ್ನ ನಳಿಕೆಯನ್ನು ಬರಿದೆ ಬಿಟ್ಟರೆ ಒಂದು ವಾರದ ಬಾಳಿಕೆಯೂ ಬರಲಿಕ್ಕಿಲ್ಲ. ಹೊರಗೆ ಕಾಣುವಷ್ಟು ಭಾಗಕ್ಕೂ ಕಬ್ಬಿಣದ ಹೊದಿಕೆ ಹಾಕಿಸಿದೆವು.

ರೇಡಿಯೇಟರುಗಳ ಸಲುವಾಗಿ ಒಂದು ಪ್ರಸಂಗ ನಡೆಯಿತು. ಮಗಳು ಮೂರು ಮೂರು ಫ್ಯಾನುಗಳ ಎರಡು ತಾಮ್ರದ ರೇಡಿಯೇಟರುಗಳನ್ನು ಬೇರೊಂದು ಊರಿನ ಅಂಗಡಿಯಿಂದ ತರಿಸಿದ್ದಳು. ಎರಡಕ್ಕೂ ಕಪ್ಪು ಬಣ್ಣ, ನೋಡಲಿಕ್ಕೆ ಒಂದೇ. ನನ್ನ ಹೆಂಡತಿ ಮೇಜಿನ ಮೇಲಿಂದ ಅವನ್ನು ಎತ್ತಿಡುವಾಗ ಎರಡನೆಯದನ್ನು ಕೈಯಲ್ಲಿ ತೂಗಿ, “ಇದು ತಾಮ್ರಲ್ಲ, ಜರ್ಮನ್ ಐತಿ” ಎಂದಳು. ನಮ್ಮ ಕಡೆ ಅಲ್ಯುಮಿನಿಯಮ್ಮಿನ ಪಾತ್ರೆಗೆ ಜರ್ಮನ್ ಎನ್ನುವದು ವಾಡಿಕೆ. ಮಗಳು ಫಿಟಿಂಗು ಕೂಡುವ ಬಾಯಿಯ ಒಳಗೆ ಸೂಜಿಯಿಂದ ಗೀರಿ ನೋಡಿದಳು, ಬೆಳ್ಳಗಿತ್ತು. ಅಂಗಡಿಯವರು ಮೊದಲು ವಾದಿಸಿದರು, ಕೊನೆಗೆ ಬದಲಿಸಿ ಕೊಟ್ಟರು. ಹದಿನೈದು ದಿನ ಹೋಯಿತು. ಆದರೂ ಅದನ್ನು ಬಳಸಲಿಲ್ಲವೆಂಬುದೇ ದೊಡ್ಡ ಮಾತು. ತಾಮ್ರವೂ ಅಲ್ಯುಮಿನಿಯಮ್ಮೂ ಒಂದೇ ನೀರಿನಲ್ಲಿ ಸೇರಿದರೆ, ಶಾಲೆಯ ಮಕ್ಕಳಿಗೆ ನಾವು ತೋರಿಸುವ ವಿದ್ಯುತ್ಕೋಶದಂತೆ ಅಲ್ಲಿ ಸಣ್ಣ ವಿದ್ಯುತ್ಪ್ರವಾಹ ಹುಟ್ಟಿ, ಅಲ್ಯುಮಿನಿಯಮ್ಮು ಸವೆಯುತ್ತ ಹೋಗುವದು. ಸವೆದ ಕಸ ಬ್ಲಾಕಿನ ಕೂದಲೆಳೆಯಂಥ ಕಾಲುವೆಗಳಲ್ಲಿ ಕಟ್ಟಿಕೊಳ್ಳುವದು. ತಾಮ್ರದ ಪಾತ್ರೆಗೆ ಕಲಾಯಿಯಿಲ್ಲದೆ ಹುಣಿಸೆಯ ಸಾರು ಮಾಡದ ಹೆಂಗಸರಿಗೆ ಲೋಹಗಳ ಈ ಸ್ವಭಾವವನ್ನು ಯಾರೂ ಕಲಿಸಬೇಕಾಗಿಲ್ಲ.

ನೀರಿನ ಮಾತಿಗೂ ಇದೇ ನ್ಯಾಯ. ನಮ್ಮ ಸವಳು ನೀರನ್ನು ಒಂದು ವರ್ಷ ಕಾಯಿಸಿದ ಹಂಡೆಯ ತಳವನ್ನು ಕೆರೆದು ನೋಡಿದವರು ಅಂಥ ನೀರನ್ನು ಯಂತ್ರಕ್ಕೆ ಹಾಕಬೇಕೆಂದು ಎಂದೂ ಹೇಳರು. ಬೆರಳು ದಪ್ಪ ಸುಣ್ಣದಂಥ ಪದರು ಅಲ್ಲಿರುತ್ತದೆ. ಕೆರೆಯ ಸಿಹಿನೀರಿನಲ್ಲಿ ಕೂಡ ಲವಣಗಳಿದ್ದೇ ಇವೆ. ಬೇಕಾದದ್ದು ಭಟ್ಟಿ ಇಳಿಸಿದ ನೀರು. ಬ್ಯಾಟರಿಯ ನೀರೆಂದು ಅಂಗಡಿಗಳಲ್ಲಿ ಮಾರುವ ಬಾಟಲಿಗಳಲ್ಲಿ ಕೆಲವು ಚೆನ್ನಾಗಿರುತ್ತವೆ, ಕೆಲವು ಬರಿಯ ಹೆಸರಿಗೆ ಮಾತ್ರ. ಆದುದರಿಂದ ಮಗಳು ಪ್ರಯೋಗಶಾಲೆಗಳಿಗೆ ಮಾರುವಂಥದನ್ನು ಹುಬ್ಬಳ್ಳಿಯಿಂದ ತರಿಸಿದಳು. ಅದಕ್ಕೆ ಲೋಹ ಕಿಲುಬದಂತೆಯೂ ಪಾಚಿ ಬೆಳೆಯದಂತೆಯೂ ತಡೆಯುವ ಔಷಧವನ್ನು ಅದರ ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬೆರೆಸಬೇಕು. ಬಣ್ಣಬಣ್ಣದ ನೀರು, ಪಾರದರ್ಶಕ ನಳಿಕೆ, ಒಳಗೆ ದೀಪಗಳ ಸಾಲು ಹಾಕುವ ಚಪಲ ತರುಣರಲ್ಲಿ ಹೆಚ್ಚು. ಜಾತ್ರೆಯ ತೇರಿಗೆ ಅದು ಒಪ್ಪೀತು. ಬೆಳಕು ಬಿದ್ದಲ್ಲಿ ಪಾಚಿಗೆ ಅನುಕೂಲ. ಕಪ್ಪು ನಳಿಕೆಯೇ ಮೇಲು.

ವಿದ್ಯುತ್ತಿನ ಮಗ್ಗುಲಲ್ಲಿ ನೀರನ್ನು ಹರಿಸುವ ಭಯ ಮನೆಯಲ್ಲಿ ಎಲ್ಲರಿಗೂ ಇತ್ತು. ಅದು ಹುಸಿಭಯವಲ್ಲ. ಪೆಟ್ಟಿಗೆಯೊಳಗಿನ ತುಣುಕುಗಳಿಗೆ ಹರಿಯುವದು 12 ವೋಲ್ಟು ಮತ್ತು ಅದಕ್ಕೂ ಕಡಿಮೆ. ಅದರಿಂದ ಮನುಷ್ಯರಿಗೆ ಅಪಾಯವಿಲ್ಲ. 230 ವೋಲ್ಟು ಬರುವದು ಪವರ್ ಸಪ್ಲಾಯ್ ಎಂಬ ಮುಚ್ಚಿದ ಡಬ್ಬಿಗೆ ಮಾತ್ರ. ಅದಕ್ಕೆ ಭೂಮಿಯ ತಂತಿ ಸರಿಯಾಗಿರಬೇಕು, ನಳಿಕೆಯ ಕೂಡುಗಳು ಅದರ ನೆತ್ತಿಯ ಮೇಲೆ ಬಾರದಂತಿರಬೇಕು. ಶುದ್ಧ ಜಲವು ವಿದ್ಯುತ್ತನ್ನು ಹರಿಯಗೊಡದೆಂಬ ಮಾತನ್ನು ನಂಬಿ ಮೈಮರೆಯುವದು ಸಲ್ಲದು. ಲೋಹಗಳ ಸಹವಾಸದಲ್ಲಿ ನಾಲ್ಕು ದಿನ ಸುತ್ತಿದ ನೀರು ಶುದ್ಧವಾಗಿ ಉಳಿಯುವದಿಲ್ಲ. ಪಂಪು ನಿಂತರೆ ಏನು ಗತಿ ಎಂದು ಕೇಳಿದೆನು. ನೀರು ನಿಂತೊಡನೆ ಚೂರುಗಳು ಕಾದು, ಮೊದಲು ವೇಗ ತಗ್ಗಿಸಿ, ಆಮೇಲೆ ಯಂತ್ರವನ್ನೇ ಆರಿಸಿಬಿಡುತ್ತವೆಂದು ತಿಳಿದು ಸಮಾಧಾನವಾಯಿತು. ವಿದ್ಯುತ್ತು ಹೋದರೆ ಪಂಪಿನೊಡನೆ ಯಂತ್ರವೂ ನಿಲ್ಲುವದರಿಂದ ಅಲ್ಲಿ ತೊಂದರೆಯೇ ಇಲ್ಲ.

2024ರ ಮಾರ್ಚಿನ ಒಂದು ಶನಿವಾರ ಸಂಜೆ ನೀರು ತುಂಬಿದೆವು. ಆಗ ಕಂಪ್ಯೂಟರಿಗೆ ವಿದ್ಯುತ್ತು ಕೊಡುವದಿಲ್ಲ, ಪಂಪಿಗಷ್ಟೇ ಕೊಡುವದು. ಪವರ್ ಸಪ್ಲಾಯಿನ ದೊಡ್ಡ ಪ್ಲಗ್ಗನ್ನು ಯಂತ್ರದಿಂದ ಕಿತ್ತು, ಅದರ ಹಸುರು ತಂತಿಯ ತೂತನ್ನು ಕಪ್ಪು ತಂತಿಯ ತೂತಿಗೆ ಚಿಕ್ಕ ತಂತಿಯಿಂದ ಜೋಡಿಸಿದರೆ ಪಂಪು ನಡೆಯುತ್ತದೆ, ಉಳಿದದ್ದೆಲ್ಲ ಮಲಗಿರುತ್ತದೆ. ಪ್ರತಿಯೊಂದು ಕೂಡಿನ ಕೆಳಗೆ ಒಣ ಕಾಗದ ಹಾಸಿದ್ದೆವು. ತೊಟ್ಟಿಯನ್ನು ತುಂಬಿದೊಡನೆ ಪಂಪು ಅದನ್ನು ಎಳೆದುಕೊಂಡು ಬರಿದು ಮಾಡಿತು. ನಿಲ್ಲಿಸಿ ಮತ್ತೆ ತುಂಬಿದೆವು. ಐದಾರು ಸಲ ಹೀಗಾದ ಮೇಲೆ ನೀರು ಸುತ್ತು ಮುಗಿಸಿ ಮರಳಿ ಬಂದಿತು. ಗುಳುಗುಳು ಸದ್ದು ನಿಲ್ಲಲಿಕ್ಕೆ ಪೆಟ್ಟಿಗೆಯನ್ನು ಆ ಕಡೆ ಈ ಕಡೆ ಓರೆ ಮಾಡಿ ಗಾಳಿಯ ಗುಳ್ಳೆಗಳನ್ನು ಹೊರಡಿಸಬೇಕಾಯಿತು. ರಾತ್ರಿ ಒಂಬತ್ತರ ಸುಮಾರಿಗೆ ಕಾರ್ಡಿನ ಕೆಳಗಿನ ಕಾಗದದಲ್ಲಿ ನಾಣ್ಯದಷ್ಟು ಕಲೆ ಕಂಡಿತು. ಒಂದು ಫಿಟಿಂಗಿನ ರಬ್ಬರಿನ ಉಂಗುರ ತನ್ನ ಗಾಡಿಯಲ್ಲಿ ಕೂತಿರಲಿಲ್ಲ. ನೀರಿಳಿಸಿ, ಉಂಗುರವನ್ನು ಕೂಡ್ರಿಸಿ, ಮತ್ತೆ ತುಂಬಿ, ಅಲ್ಲಿಂದ ಹೊಸದಾಗಿ 24 ತಾಸು ಎಣಿಸಿದೆವು. ಆ ರಾತ್ರಿ ತಾಯಿ-ಮಗಳು ಸರದಿಯಿಂದ ಎದ್ದೆದ್ದು ಕಾಗದಗಳನ್ನು ಮುಟ್ಟಿ ನೋಡುತ್ತಿದ್ದರು. ಮೊಣಕಾಲು ಬೇನೆಯೆನ್ನುವ ನನ್ನ ಹೆಂಡತಿ ಎಷ್ಟು ಸಲ ಎದ್ದಳೆಂಬದನ್ನು ನಾನು ಎಣಿಸಿದೆನು; ಏಳು ಸಲ.

ಏಪ್ರಿಲಿನಲ್ಲಿ ನಿಜವಾದ ಪರೀಕ್ಷೆ ಬಂದಿತು. ಎರಡು ಮಿನಿಟಿನ ಒಂದು ಚಿತ್ರ. ನಾಲ್ಕು ದಿನ ನಾಲ್ಕು ರಾತ್ರಿಗಳ ಕೆಲಸ. ಮಧ್ಯಾಹ್ನ ಮೂರಕ್ಕೆ ಪಡಸಾಲೆಯ ಗಾಳಿ 37 ಡಿಗ್ರಿ, ನೀರು 46, ಕಾರ್ಡು 60, ಪ್ರೊಸೆಸರು 74. ಬೆಳಗಿನ ಜಾವದಲ್ಲಿ ನೀರು 35ಕ್ಕೆ ಇಳಿದಿತ್ತು. ಆರು ಫ್ಯಾನುಗಳು ಮೆಲ್ಲಗೆ ತಿರುಗಿದರೆ ಸಾಕಾಗುತ್ತಿದ್ದುದರಿಂದ ಸದ್ದೇ ಇರಲಿಲ್ಲ. ಇದ್ದ ಸದ್ದೂ ಗೋಡೆಯಾಚೆಗೆ. ಪಟವೊಂದಕ್ಕೆ ಎರಡು ಮಿನಿಟೆಂದರೆ ಎರಡೇ ಮಿನಿಟು, ಹಗಲೂ ಅಷ್ಟೇ, ಇರುಳೂ ಅಷ್ಟೇ. ಐದನೆಯ ದಿನ ಬೆಳಿಗ್ಗೆ, ಹೇಳಿದ ಹೊತ್ತಿಗೆ ಎಂಟು ತಾಸು ಮೊದಲೇ ಚಿತ್ರ ಬೆಂಗಳೂರಿಗೆ ಹೋಯಿತು. ಕಚೇರಿಯಿಂದ ಮರಳಿ ಬರುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಖರ್ಚು 50,000 ರೂಪಾಯಿಯ ಮೇಲಾಯಿತು, ಅದು ಸಣ್ಣದಲ್ಲ. ಕಾಗದ-ಪತ್ರ, ಲೆಕ್ಕ, ಮಕ್ಕಳ ಅಭ್ಯಾಸ ಇಷ್ಟಕ್ಕೇ ಕಂಪ್ಯೂಟರನ್ನು ಬಳಸುವ ಮನೆಯವರು ಇದರ ಗೊಡವೆಗೆ ಹೋಗಬಾರದು. ಅವರಿಗೆ ಎರಡು ತಿಂಗಳಿಗೊಮ್ಮೆ ಪೆಟ್ಟಿಗೆಯನ್ನು ಬಿಚ್ಚಿ ಧೂಳಿ ಊದಿದರೆ ಸಾಕು. ಆಟದ ಹವ್ಯಾಸಕ್ಕೆ ಇಷ್ಟು ಸುರಿಯುವದೂ ನನಗೆ ಒಪ್ಪಿಗೆಯಿಲ್ಲ; ತರುಣರು ಸಿಟ್ಟಾಗುವದಾದರೆ ಆಗಲಿ. ಯಂತ್ರವು ದಿನಗಟ್ಟಲೆ ಪೂರ್ಣ ವೇಗದಿಂದ ದುಡಿಯಬೇಕಾದಲ್ಲಿ ಮಾತ್ರ ಇದಕ್ಕೆ ಬೆಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಸ್ಥಾಪಿಸಿದ ಪರಮ್ ಪ್ರವೇಗವೆಂಬ ಮಹಾಗಣಕದಲ್ಲಿಯೂ ಶಾಖವನ್ನು ಹೊರುವ ಕೆಲಸ ದ್ರವದ್ದೇ. ನಮ್ಮದು ಅದರ ಮುಂದೆ ಆನೆಯ ಎದುರಿನ ಇರುವೆ, ತತ್ವ ಮಾತ್ರ ಒಂದೇ.

ಇನ್ನು ಕಟ್ಟೆಯ ಮೇಲಿನ ಪ್ರಶ್ನೆ. ನಮ್ಮ ಸುತ್ತಿನಲ್ಲಿ ಇರುವದು ಒಂದೂವರೆ ಲೀಟರು, ದೊಡ್ಡ ತಂಬಿಗೆಯಾದರೆ ಎರಡು ತಂಬಿಗೆಯೂ ಪೂರ್ತಿಯಾಗದು. ಅದೇ ನೀರು ಹಗಲಿರುಳು ತಿರುಗುತ್ತದೆ. ನಳಿಕೆಯ ಮೈಯಿಂದ ಅಷ್ಟಿಷ್ಟು ಆರಿಹೋಗುವದರಿಂದ ಮೂರು ತಿಂಗಳಿಗೊಮ್ಮೆ ನಾಲ್ಕೈದು ಚಮಚೆ ಸೇರಿಸಬೇಕು, ಅಷ್ಟೇ. ಆದರೆ ಮಹಾನಗರಗಳಲ್ಲಿ ಸಾವಿರಾರು ಇಂಥ ಯಂತ್ರಗಳನ್ನು ಒಂದೆಡೆ ಕೂಡಿಟ್ಟ ಕಟ್ಟಡಗಳಿವೆ. ಅವುಗಳಲ್ಲಿ ಅನೇಕ ಕಡೆ ಶಾಖವನ್ನು ಕೊನೆಗೆ ನಮ್ಮ ಹರವಿಯಂತೆ ನೀರನ್ನು ಆವಿ ಮಾಡಿಯೇ ಕಳೆಯುವರು. ಅಲ್ಲಿ ನೀರು ನಿಜವಾಗಿ ಖರ್ಚಾಗುತ್ತದೆ, ಅದೂ ಊರಿನ ಲೆಕ್ಕದಲ್ಲಿ. ನೆರೆಮನೆಯ ಹಿರಿಯರ ಪ್ರಶ್ನೆಯನ್ನು ಅಂಥವರ ಬಾಗಿಲಲ್ಲಿ ಕೇಳತಕ್ಕದ್ದು.

ಅವರನ್ನು ಒಂದು ದಿನ ಕರೆದು ತೋರಿಸಿದೆನು. ತೊಟ್ಟಿಯ ಗಾಜಿನೊಳಗೆ ತಿರುಗುವ ನೀರನ್ನು ಬಹಳ ಹೊತ್ತು ನೋಡಿದರು. “ಹೊರಗ ಎಲ್ಲಿ ಹೋಗತೈತಿ?” ಎಂದರು. ಎಲ್ಲಿಯೂ ಹೋಗುವದಿಲ್ಲವೆಂದೆನು. ಪಡಸಾಲೆಗೆ ಬಂದು ರೇಡಿಯೇಟರಿನ ಮುಂದೆ ಅಂಗೈ ಹಿಡಿದು ಬೆಚ್ಚನ್ನ ಗಾಳಿಯನ್ನು ಪರೀಕ್ಷಿಸಿ, ಮಾಗಿಯಲ್ಲಿ ಇಲ್ಲಿ ಕುಳಿತು ಕಾಯಿಸಿಕೊಳ್ಳಲಿಕ್ಕೆ ಬರುವೆನೆಂದರು. ಬಂದೂ ಬಂದರು.

ವರ್ಷಕ್ಕೊಮ್ಮೆ ನೀರನ್ನು ಬದಲಿಸುವದು ಒಳ್ಳೆಯದು. 2025ರ ಮಾರ್ಚಿನಲ್ಲಿ ಕೆಳಗಿನ ತೂಬನ್ನು ಬಿಚ್ಚಿ ಹಳೆಯದನ್ನು ಒಂದು ಗಾಜಿನ ಪಾತ್ರೆಗೆ ಇಳಿಸಿದೆವು. ಹಸುರು ಛಾಯೆಯಾಗಲಿ ತಳದಲ್ಲಿ ಕೊಳೆಯಾಗಲಿ ಕಾಣಲಿಲ್ಲ. ತಾಮ್ರ ಸುಖವಾಗಿದೆಯೆಂದು ಮಗಳು ಹೇಳಿದಳು. ನೀರನ್ನು ಚೆಲ್ಲುವ ಅಭ್ಯಾಸವಿಲ್ಲದ ನನ್ನ ಹೆಂಡತಿ ಆ ಪಾತ್ರೆಯನ್ನೆತ್ತಿ ತುಳಸಿಯ ಕಟ್ಟೆಯ ಕಡೆಗೆ ನಡೆದಳು. ಔಷಧ ಬೆರೆತ ನೀರು, ಗಿಡಕ್ಕೂ ದನಕ್ಕೂ ಆಗದೆಂದು ಮಗಳು ಓಡಿಹೋಗಿ ತಡೆದಳು. ಹಾಗಾದರೆ ಏನು ಮಾಡುವದೆಂಬದು ಇತ್ಯರ್ಥವಾಗುವತನಕ ಅದನ್ನು ಬಂದ ಬಾಟಲಿಗಳಲ್ಲಿಯೇ ಮರಳಿ ತುಂಬಿ, ಕುಡಿಯಬಾರದೆಂದು ಚೀಟಿ ಅಂಟಿಸಿ, ಮಕ್ಕಳ ಕೈಗೆಟುಕದಂತೆ ಅಟ್ಟದ ಮೇಲಿಟ್ಟಿದ್ದೇವೆ.